ಕ್ರಿಸ್ ಕ್ರಿಂಗಲ್ ಅಂದರೆ ಸಂತ ನಿಕೋಲಸ್ ಅಲ್ಲ

ಕ್ರಿಸ್‌ಮಸ್‌ಗೆ ಉಡುಗೊರೆ ತರುವ ಒಬ್ಬನೇ ತಾತನಿಗೆ ಸಾಂತಾ ಕ್ಲಾಸ್, ಕ್ರಿಸ್ ಕ್ರಿಂಗಲ್ ಎಂಬ ಬೇರೆ ಬೇರೆ ಬೇರಿನ ಎರಡು ಹೆಸರು ಅಂಟಿಕೊಂಡಿರುವುದೇ ಈ ಗೊಂದಲಕ್ಕೆ ಕಾರಣ. "ಕ್ರಿಸ್ ಕ್ರಿಂಗಲ್ ಎಂಬುದು ಸಂತ ನಿಕೋಲಸ್‌ನ ಜರ್ಮನ್ ಹೆಸರು" ಎಂದು ಮಗಳ ಶಾಲಾ ಭಾಷಣದಲ್ಲಿ ಬರೆಯಬಹುದೇ ಅಂತ ಕೇಳಿದ್ದೀರಿ. ಬೇಡ, ತಪ್ಪಾಗುತ್ತದೆ.

ಮೊದಲು ಸಾಂತಾ ಕ್ಲಾಸ್ ಮುಗಿಸಿಬಿಡಿ, ಅದು ಸುಲಭ: 4ನೇ ಶತಮಾನದ ಮೈರಾದ, ಅಂದರೆ ಈಗಿನ ಟರ್ಕಿಯ ದೆಮ್ರೆಯ ಬಿಷಪ್ ನಿಕೋಲಸ್. ಡಚ್ಚರ ಬಾಯಲ್ಲಿ ಸಿಂಟರ್‌ಕ್ಲಾಸ್, ಅಮೆರಿಕದಲ್ಲಿ ಸಾಂತಾ ಕ್ಲಾಸ್.

ಆಮೇಲೆ ಕ್ರಿಂಗಲ್‌ಗೆ ಬನ್ನಿ. ಮೂಲ ಪದ ಕ್ರಿಸ್ಟ್‌ಕಿಂಡಲ್. ಜರ್ಮನ್ನಿನಲ್ಲಿ ಕಿಂಡ್ ಅಂದರೆ ಮಗು. ಕೊನೆಯ 'ಲ್' ನಾವು 'ಪುಟ್ಟ' ಅಂತ ಸೇರಿಸುತ್ತೇವಲ್ಲ, ಹಾಗೆ ಮುದ್ದಿಗೆ. ಒಟ್ಟಾರೆ ಬಾಲಯೇಸು. 16ನೇ ಶತಮಾನದಲ್ಲಿ ಸಂತರ ಆರಾಧನೆ ಒಪ್ಪದ ಜರ್ಮನ್ ಪ್ರೊಟೆಸ್ಟೆಂಟರು ಡಿಸೆಂಬರ್ 6ರ ನಿಕೋಲಸ್ ಹಬ್ಬದ ಉಡುಗೊರೆಯನ್ನು ಕ್ರಿಸ್‌ಮಸ್‌ಗೆ ಸರಿಸಿದರು, ಕೊಡುವವನ ಜಾಗದಲ್ಲಿ ಬಾಲಯೇಸುವನ್ನಿಟ್ಟರು. ಪ್ರೊಟೆಸ್ಟೆಂಟ್ ಸುಧಾರಣೆಯ ನಾಯಕ ಮಾರ್ಟಿನ್ ಲೂಥರನೇ ಇದನ್ನು ಶುರುಮಾಡಿದ ಎಂಬ ಮಾತು ಎಲ್ಲೆಡೆ ಸಿಗುತ್ತದೆ, ಆದರೆ ಖಚಿತವೆಂಬಂತೆ ಬರೆಯಬೇಡಿ. "ಎನ್ನುತ್ತಾರೆ" ಅಂದರೆ ಸಾಕು. ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಜರ್ಮನರ ಈ ಪದ ಅಕ್ಕಪಕ್ಕದ ಇಂಗ್ಲಿಷ್ ಮಾತಿನವರ ಕಿವಿಗೆ 'ಕ್ರಿಸ್ ಕ್ರಿಂಗಲ್' ಎಂದು ಕೇಳಿಸಿತು. 1840ರ ದಶಕದ ಹೊತ್ತಿಗೆ ಅದು ಉಡುಗೊರೆ ತರುವ ತಾತನ ಹೆಸರೇ ಆಗಿಹೋಗಿತ್ತು. ಸಂತನನ್ನು ಬದಿಗೆ ಸರಿಸಲು ಬಂದ ಮಗುವಿನ ಹೆಸರು ಕೊನೆಗೆ ಆ ಸಂತನಿಗೇ ಸೇರಿತು! ಭಾಷಣದ ಜೀವ ಇಲ್ಲಿದೆ, ಇದನ್ನು ಬಿಡಬೇಡಿ.

ನಿಮ್ಮ ಸಾಲನ್ನು ಹೀಗೆ ತಿದ್ದಿ: "ಕ್ರಿಸ್ ಕ್ರಿಂಗಲ್ ಎಂಬುದು ಬಾಲಯೇಸು ಎಂಬರ್ಥದ ಜರ್ಮನ್ ಪದದಿಂದ ಬಂದದ್ದು, ಆಸ್ಟ್ರಿಯಾ, ಜರ್ಮನಿಯ ಬವೇರಿಯಾದ ಮಕ್ಕಳಿಗೆ ಇಂದಿಗೂ ಉಡುಗೊರೆ ತರುವುದು ಆ ಮಗುವೇ."