ಮೇಷ್ಟ್ರು, ಬದುಕು, ನಂಬಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೈಸ್ಕೂಲಿನಲ್ಲಿ ಒಂದೇ ವರ್ಷ ಪಾಠ ಮಾಡಿದ ಮೇಷ್ಟ್ರಿಂದ ನನ್ನ ಬದುಕು, ದೇವರ ಮೇಲಿನ ನಂಬಿಕೆ ಎರಡೂ ಬದಲಾದವು. ಇದನ್ನು ಹೇಳಿದರೆ ಮನೆಯವರು ‘ಎಲ್ಲ ಉತ್ಪ್ರೇಕ್ಷೆ’ ಎನ್ನುತ್ತಾರೆ. ಅಷ್ಟು ಕಡಿಮೆ ಒಡನಾಟದಿಂದ ಇಷ್ಟೆಲ್ಲ ಆಗುತ್ತದೆಯೆ?

ಉತ್ತರ: ಆಗುತ್ತದೆ. ಒಂದು ವರ್ಷದ ಪಾಠವೂ ಬೇಕಿಲ್ಲ. ಕೃಷ್ಣಾಜಿ ಅರ್ಜುನ್ ಕೇಳೂಸ್ಕರ್ ಮುಂಬಯಿಯ ವಿಲ್ಸನ್ ಹೈಸ್ಕೂಲಿನ ಶಿಕ್ಷಕರು. ಅಂಬೇಡ್ಕರ್ ಓದಿದ್ದು ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ. ಅಂದರೆ ಕೇಳೂಸ್ಕರ್, ಅಂಬೇಡ್ಕರ್ ಅವರ ತರಗತಿಯ ಮೇಷ್ಟ್ರೇ ಅಲ್ಲ. ಸಂಜೆ ಉದ್ಯಾನದಲ್ಲಿ ಕೂತು ಓದುತ್ತಿದ್ದ ಹುಡುಗನನ್ನು ಕಂಡು ಮಾತನಾಡಿಸಿದರು, ಪುಸ್ತಕ ಕೊಟ್ಟರು. ಹುಡುಗ ಪಾಸಾದಾಗ ಸಮುದಾಯದವರು ಸಭೆ ಸೇರಿಸಿದರು. ಆಗ ಕೇಳೂಸ್ಕರ್ ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟರು. ಬರೋಡಾದ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಗುವುದಕ್ಕೂ ಅವರದೇ ಓಡಾಟ.

ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. ನಡುವೆ ಸುಮಾರು ಅರ್ಧ ಶತಮಾನದ ಓದು, ಅವಮಾನ, ಹೋರಾಟ ಎಲ್ಲವೂ ಇವೆ. ಹಾಗಾಗಿ ಆ ಪುಸ್ತಕವೇ ಎಲ್ಲಕ್ಕೂ ಕಾರಣ ಎನ್ನುವಂತಿಲ್ಲ. ಆದರೆ ಬುದ್ಧನ ಕಡೆಗೆ ತಮ್ಮ ಮನಸ್ಸು ಹೊರಳಿದ್ದು ಅಲ್ಲಿಂದ ಎಂದು ಅವರೇ ಬರೆದಿಟ್ಟಿದ್ದಾರೆ. ನಿಮ್ಮ ಮನೆಯವರಿಗೂ ‘ಮೇಷ್ಟ್ರು ನನ್ನನ್ನು ಬದಲಾಯಿಸಿಬಿಟ್ಟರು’ ಎನ್ನಬೇಡಿ. ಆ ವರ್ಷ ಏನು ಶುರುವಾಯಿತು, ಅದು ಗಟ್ಟಿಯಾಗಲು ಎಷ್ಟು ವರ್ಷ ಹಿಡಿಯಿತು, ನಡುವೆ ಬೇರೆ ಯಾರು ಯಾರು ಬಂದರು ಎಂದು ಹೇಳಿ. ಆಗ ಯಾರೂ ನಗುವುದಿಲ್ಲ.

ಪ್ರಶ್ನೆ: ನಮ್ಮ ಮೇಷ್ಟ್ರ ನೆನಪಿನ ಸಂಚಿಕೆಗೆ 600 ಪದಗಳ ಲೇಖನ ಕೇಳಿದ್ದಾರೆ. ಎಷ್ಟು ಸಲ ಬರೆದರೂ ಉಳಿದವರು ಬರೆದಂತೆಯೇ ಇರುತ್ತದೆ. ನನ್ನ ನಂಬಿಕೆಯ ವಿಷಯವನ್ನೂ ಬರೆಯಬೇಕೆಂದಿದೆ. ಹೇಗೆ?

ಉತ್ತರ: ಇಂಥ ಸಂಚಿಕೆಗಳು ಯಾಕೆ ಸಪ್ಪೆಯಾಗುತ್ತವೆ ಎಂದರೆ, ಬರೆಯುವವರೆಲ್ಲ ಗುಣವಾಚಕಗಳನ್ನು ಕಳಿಸುತ್ತಾರೆ, ಘಟನೆಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ‘ಸರಳ ಸಜ್ಜನ’, ‘ಶಿಸ್ತಿನ ಸಿಪಾಯಿ’, ‘ವಿದ್ಯಾರ್ಥಿಗಳ ಪಾಲಿನ ದೇವರು’ ಎಂದೆಲ್ಲ ಬರೆದ ವಾಕ್ಯಗಳಲ್ಲಿ ನಿಮ್ಮ ಮೇಷ್ಟ್ರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿ ನೋಡಿ. ಅರ್ಥ ಕೆಡದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಿ. ಮೊದಲ ಕರಡಿನ ಅರ್ಧದಷ್ಟು ಹೀಗೆ ಹೋದರೂ ಗಾಬರಿ ಬೇಡ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ಹತ್ತು ಹನ್ನೆರಡು ಪ್ರಸಂಗಗಳನ್ನು ಒಂದೊಂದು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ: ನಕಲು ಮಾಡಿದವನನ್ನು ಹೇಗೆ ನಡೆಸಿಕೊಂಡರು, ಬೋರ್ಡಿನ ಮೇಲೆ ತಾವೇ ತಪ್ಪು ಬರೆದಾಗ ಏನೆಂದರು, ಹೋಂವರ್ಕ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಏನು ಬರೆಯುತ್ತಿದ್ದರು, ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಎಲ್ಲಿ ನಿಲ್ಲುತ್ತಿದ್ದರು. ಅದರಲ್ಲಿ ಎರಡನ್ನು ಮಾತ್ರ ಆರಿಸಿ. ಮುಖ್ಯ ಪ್ರಸಂಗಕ್ಕೆ 250 ಪದ. ಅದಕ್ಕೆ ಮೊದಲು ನೀವು ಹೇಗಿದ್ದಿರಿ ಎನ್ನುವುದಕ್ಕೆ 100. ಎರಡನೆಯ ಪ್ರಸಂಗಕ್ಕೆ 100. ಉಳಿದ 150, ಮುಂದಿನ ವರ್ಷಗಳಲ್ಲಿ ಅದು ನಿಮ್ಮ ಯಾವ ನಿರ್ಧಾರದಲ್ಲಿ ಕಾಣಿಸಿಕೊಂಡಿತು ಎನ್ನುವುದಕ್ಕೆ. ಮೇಷ್ಟ್ರು ಹುಟ್ಟಿದ ದಿನ, ಪದವಿ, ಪ್ರಶಸ್ತಿಗಳನ್ನು ಸಂಪಾದಕರು ಹೇಗೂ ಹಾಕುತ್ತಾರೆ, ನೀವು ಮುಟ್ಟಬೇಡಿ.

ನಂಬಿಕೆಯ ಬಗ್ಗೆ ಬರೆಯುವಾಗ ಎಡವುವ ಜಾಗ ಒಂದಿದೆ. ಇಂದಿನ ನಿಮ್ಮ ತಿಳಿವಳಿಕೆಯನ್ನು ಹದಿನಾಲ್ಕು ವರ್ಷದ ಹುಡುಗನ ತಲೆಯೊಳಗೆ ತುರುಕುವುದು. ‘ಅಂದೇ ನನಗೆ ದೈವದ ಸಾಕ್ಷಾತ್ಕಾರವಾಯಿತು’ ಎಂದರೆ ಓದುಗ ಅಲ್ಲಿಗೇ ಎದ್ದು ಹೋಗುತ್ತಾನೆ. ಅದರ ಬದಲು ಮಾಡುತ್ತಿದ್ದ ಕೆಲಸವನ್ನು ಹೇಳಿ. ಮೊದಲು ಪರೀಕ್ಷೆಯ ಹಿಂದಿನ ದಿನ ಮಾತ್ರ ಕೈಮುಗಿಯುತ್ತಿದ್ದವರು ಆಮೇಲೆ ಏನು ಮಾಡತೊಡಗಿದಿರಿ? ಯಾವುದನ್ನು ಬಿಟ್ಟಿರಿ? ಸಂಶಯ ಬಂದಾಗ ಯಾರನ್ನು ಕೇಳಿದಿರಿ? ಮೇಷ್ಟ್ರು ಉತ್ತರ ಕೊಟ್ಟರೋ, ಇನ್ನೊಂದು ಪ್ರಶ್ನೆ ಕೇಳಿದರೋ?

ತರಗತಿ, ಇಸವಿ, ಸ್ಥಳ ಇವನ್ನು ಕನಿಷ್ಠ ಇಬ್ಬರು ಸಹಪಾಠಿಗಳ ಹತ್ತಿರ ಕೇಳಿ ನೋಡಿ. ಹಳೆಯ ಅಂಕಪಟ್ಟಿ, ಗ್ರೂಪ್ ಫೋಟೊ, ಆಟೋಗ್ರಾಫ್ ಪುಸ್ತಕ ಇದ್ದರೆ ಹೊರತೆಗೆಯಿರಿ. ನೆನಪು ದೊಡ್ಡವರಿಗೂ ಕೈಕೊಡುತ್ತದೆ. ಆ ಬುದ್ಧ ಚರಿತ್ರೆ ಸಿಕ್ಕದ್ದು ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗ ಎಂದು ಅಂಬೇಡ್ಕರ್ ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ ಪುಸ್ತಕಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಹೇಳುತ್ತಾರೆ. ಜೀವನಚರಿತ್ರೆಗಳಲ್ಲಿ ಕಾಣುವುದು ಮೆಟ್ರಿಕ್ ಪಾಸಾದ ಸಂದರ್ಭ. ಇಬ್ಬರ ನೆನಪು ಕೂಡಿಬರದಿದ್ದರೆ ‘ನನಗೆ ನೆನಪಿರುವಂತೆ’ ಎಂಬ ಎರಡು ಪದ ಸೇರಿಸಿ ಮುಂದೆ ಹೋಗಿ. ಲೇಖನದ ಬೆಲೆ ಅದರಿಂದ ಇಳಿಯುವುದಿಲ್ಲ.

ಪ್ರಶ್ನೆ: ನನ್ನಲ್ಲಿ ಭಕ್ತಿ ಮೂಡಿದ್ದು ನಮ್ಮ ಇಂಗ್ಲಿಷ್ ಟೀಚರಿಂದ. ಆದರೆ ಅವರು ದೇವರನ್ನು ನಂಬುತ್ತಿರಲಿಲ್ಲ ಎಂದು ಈಚೆಗೆ ತಿಳಿಯಿತು. ಇದು ವಿಚಿತ್ರವಲ್ಲವೆ?

ಉತ್ತರ: ವಿಚಿತ್ರವೇನಲ್ಲ, ಉದಾಹರಣೆಗಳಿವೆ. ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಹುಡುಗಿ ಹೆಲೆನ್ ಕೆಲರ್ ಹತ್ತಿರ ಶಿಕ್ಷಕಿ ಆ್ಯನ್ ಸಲಿವನ್ ಬಂದದ್ದು 1887ರ ಮಾರ್ಚ್ 3ರಂದು. ಒಂದು ತಿಂಗಳು ಕಳೆದು, ನೀರಿನ ಪಂಪಿನ ಬಳಿ ಮಗುವಿಗೆ ಪದ ಮತ್ತು ವಸ್ತುವಿನ ಸಂಬಂಧ ಹೊಳೆಯಿತು. ಮುಂದೆ ಆ ಹುಡುಗಿ ದೇವರ ಬಗ್ಗೆ ಪ್ರಶ್ನೆ ಕೇಳತೊಡಗಿದಾಗ ಸಲಿವನ್ ತಮ್ಮ ಅಭಿಪ್ರಾಯ ಹೇರಲಿಲ್ಲ. ಫಿಲಿಪ್ಸ್ ಬ್ರೂಕ್ಸ್ ಎಂಬ ಪಾದ್ರಿಯ ಬಳಿ ಮಾತುಕತೆಗೆ ಅವಕಾಶವಾಯಿತು. ಸಲಿವನ್ ಸಾಂಪ್ರದಾಯಿಕ ಧರ್ಮದತ್ತ ಒಲವಿದ್ದವರಲ್ಲ. ಶಿಷ್ಯೆ ಮಾತ್ರ ಸ್ವೀಡನ್‌ಬೋರ್ಗ್ ಎಂಬ ಚಿಂತಕನ ದಾರಿ ಹಿಡಿದು, 1927ರಲ್ಲಿ ತನ್ನ ಧರ್ಮದ ಬಗ್ಗೆಯೇ ಒಂದು ಪುಸ್ತಕ ಬರೆದರು.

ಇನ್ನೊಂದು ಕಾಲೇಜಿನದು. ಕಲ್ಕತ್ತೆಯ ಜನರಲ್ ಅಸೆಂಬ್ಲೀಸ್ ಇನ್‌ಸ್ಟಿಟ್ಯೂಷನ್ನಿನ ಪ್ರಿನ್ಸಿಪಾಲ್ ವಿಲಿಯಂ ಹೇಸ್ಟಿ ಕ್ರೈಸ್ತ ಪಾದ್ರಿ. ವರ್ಡ್ಸ್‌ವರ್ತ್ ಪಾಠದಲ್ಲಿ ಭಾವಸಮಾಧಿಯ ಮಾತು ಬಂದಾಗ, ಅಂಥ ಸ್ಥಿತಿಯನ್ನು ನೋಡಬೇಕಿದ್ದರೆ ದಕ್ಷಿಣೇಶ್ವರದ ರಾಮಕೃಷ್ಣರನ್ನು ನೋಡಿ ಎಂದರು. ಕೇಳಿದವರಲ್ಲಿ ಮುಂದೆ ವಿವೇಕಾನಂದರಾದ ನರೇಂದ್ರನಾಥರೂ ಇದ್ದರು. ಶಿಷ್ಯನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕದ ಮೇಷ್ಟ್ರು ಇಷ್ಟು ಮಾಡಬಲ್ಲರು. ತಾವು ಅದೇ ದಾರಿಯಲ್ಲಿ ನಡೆಯಬೇಕೆಂದೇನೂ ಇಲ್ಲ.

ಪ್ರಶ್ನೆ: ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಏನೇನು ಗಮನಿಸಬೇಕು?

ಉತ್ತರ: ಒಂದೇ ದಿನ ಮುಗಿಸುವ ಆಸೆ ಬಿಡಿ. 40 ನಿಮಿಷದ ಎರಡು ಮೂರು ಭೇಟಿ ಸಾಕು. ಅದಕ್ಕಿಂತ ಹೆಚ್ಚಾದರೆ ಅವರು ದಣಿದು ಚುಟುಕಾಗಿ ಉತ್ತರಿಸತೊಡಗುತ್ತಾರೆ. ಬೆಳಿಗ್ಗೆಯೋ ಸಂಜೆಯೋ, ಅವರು ಚುರುಕಾಗಿರುವ ಹೊತ್ತು ಯಾವುದೆಂದು ಮನೆಯವರನ್ನು ಕೇಳಿ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ, ಇಲ್ಲದಿದ್ದರೆ ಒಂದು ಕರೆ ಬಂದರೂ ಮುದ್ರಣ ನಿಂತುಹೋಗಬಹುದು. ಅವರ ಬಾಯಿಂದ ಒಂದು ಮೊಳದ ದೂರದಲ್ಲಿ, ಮಡಚಿದ ಬಟ್ಟೆಯ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಕೈತಾಗಿದ ಸದ್ದೆಲ್ಲ ಸೇರುತ್ತದೆ. ಫ್ಯಾನ್ ಆರಿಸಿ, ಟಿವಿ ನಿಲ್ಲಿಸಿ, ಒಂದು ನಿಮಿಷ ಮುದ್ರಿಸಿ ಕೇಳಿ ನೋಡಿ. ಶ್ರವಣಯಂತ್ರ ಹಾಕಿದ್ದರೆ ಎದುರಿಗೇ ಕೂತು, ತುಟಿ ಕಾಣುವಂತೆ, ಒಂದೊಂದೇ ಪ್ರಶ್ನೆ ಕೇಳಿ.

ವೇವ್ (WAV) ಎಂಬ ಧ್ವನಿ ಫೈಲಿನ ಮಾದರಿಯಲ್ಲಿ, ಒಂದೇ ಚಾನೆಲ್ಲಿನಲ್ಲಿ, ಸಿ.ಡಿ. ಗುಣಮಟ್ಟದಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು 300 ಎಂಬಿ ಜಾಗ ಬೇಕು. ಅದೇ ದಿನ ಇನ್ನೆರಡು ಕಡೆ ಪ್ರತಿ ಮಾಡಿಡಿ, ಒಂದು ಪ್ರತಿ ಮೇಷ್ಟ್ರ ಮನೆಯವರ ಬಳಿ ಇರಲಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಅಭ್ಯಾಸವಿದ್ದವರಿಗೂ ನಾಲ್ಕೈದು ಗಂಟೆ ಹಿಡಿಯುತ್ತದೆ.

ಹೆಚ್ಚಿನವರು ಕೆಡಿಸುವುದು ಪ್ರಶ್ನೆಗಳಲ್ಲಿ. ‘ಸಾರ್, ನೀವು ನಮಗೆಲ್ಲ ದಾರಿದೀಪ ಅಲ್ವಾ?’ ಎಂದರೆ ಅವರು ಸಂಕೋಚದಿಂದ ‘ಅಯ್ಯೋ, ನಂದೇನಿದೆಯಪ್ಪಾ’ ಎಂದು ಮುಗಿಸುತ್ತಾರೆ. ‘ನಿಮ್ಮ ಮೊದಲ ದಿನದ ಪಾಠ ಯಾವುದು ಸಾರ್?’, ‘ಯಾವ ಹುಡುಗನ ವಿಷಯದಲ್ಲಿ ನಿಮ್ಮ ಅಂದಾಜು ತಪ್ಪಾಯಿತು?’ ಎಂದು ಕೇಳಿ. ದೇವರು, ನಂಬಿಕೆಯ ಪ್ರಶ್ನೆಗಳು ಎರಡನೆಯ ಭೇಟಿಗೆ ಇರಲಿ. ‘ಇದನ್ನು ಕೇಳಬಹುದಾ ಸಾರ್’ ಎಂದು ಮೊದಲು ಒಪ್ಪಿಗೆ ತೆಗೆದುಕೊಳ್ಳಿ. ಉತ್ತರ ಬಂದ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ಐದಾರು ಸೆಕೆಂಡು ಸುಮ್ಮನಿದ್ದರೆ ಎಷ್ಟೋ ಸಲ ನಿಜವಾದ ಮಾತು ಆಗ ಬರುತ್ತದೆ. ಹಂಚಬಾರದ ಭಾಗ ಯಾವುದೆಂದು ಕೊನೆಗೆ ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ಮೇಷ್ಟ್ರು ಕೊಟ್ಟ ನಂಬಿಕೆ ನನ್ನಲ್ಲಿ ಉಳಿದಿಲ್ಲ. ಕೃತಜ್ಞತೆ ಉಳಿದಿದೆ. ಪತ್ರ ಬರೆದರೆ ಇದನ್ನು ಹೇಳಬೇಕೆ, ಮುಚ್ಚಿಡಬೇಕೆ?

ಉತ್ತರ: ಕೃತಜ್ಞತೆ ಹೇಳುವ ಪತ್ರದಲ್ಲಿ ನಂಬಿಕೆಯ ಲೆಕ್ಕ ಒಪ್ಪಿಸಬೇಕಾಗಿಲ್ಲ. ಅವರಾಗಿ ಕೇಳಿದರೆ ಸುಳ್ಳು ಹೇಳಬೇಡಿ, ಅಷ್ಟೆ. ನೊಬೆಲ್ ಬಹುಮಾನ ಬಂದ ಮೇಲೆ ಫ್ರೆಂಚ್ ಸಾಹಿತಿ ಆಲ್ಬರ್ಟ್ ಕಮೂ 1957ರ ನವೆಂಬರ್ 19ರಂದು ತಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರು ಲೂಯಿ ಜರ್ಮೇನ್ ಅವರಿಗೆ ಬರೆದ ಪತ್ರ ಚಿಕ್ಕದು. ಸುದ್ದಿ ತಿಳಿದಾಗ ತಾಯಿಯ ನಂತರ ನೆನಪಾದದ್ದು ನೀವು ಎಂಬುದು ಅದರ ತಿರುಳು. 1959ರಲ್ಲಿ ಜರ್ಮೇನ್ ಕಮೂಗೆ ಬರೆದ ಒಂದು ಪತ್ರ ಇನ್ನೂ ಸ್ವಾರಸ್ಯದ್ದು. ದೇವರ ವಿಷಯ ಪಾಠದಲ್ಲಿ ಬಂದಾಗ ಕೆಲವರು ನಂಬುತ್ತಾರೆ, ಕೆಲವರು ನಂಬುವುದಿಲ್ಲ ಎಂದಷ್ಟೇ ಹೇಳುತ್ತಿದ್ದೆ, ತನ್ನ ಸತ್ಯವನ್ನು ತಾನೇ ಹುಡುಕಿಕೊಳ್ಳುವ ಹಕ್ಕು ಮಗುವಿಗಿದೆ ಎಂಬ ಅರ್ಥದ ಮಾತು ಅದರಲ್ಲಿದೆ. ನಿಮ್ಮ ಮೇಷ್ಟ್ರೂ ಹಾಗೆಯೇ ಯೋಚಿಸುತ್ತಾರೆಂದು ಹೇಳಲಾಗದು. ಆದರೂ ಶಿಷ್ಯರು ಬೇರೆ ದಾರಿ ಹಿಡಿದದ್ದನ್ನು ಅವರು ಎಷ್ಟೋ ಸಲ ನೋಡಿರುತ್ತಾರೆ.

ಪತ್ರ ಒಂದು ಪುಟ ಮೀರದಿರಲಿ. ಮೊದಲ ಸಾಲಿನಲ್ಲೇ ಹೆಸರು, ಓದಿದ ವರ್ಷ, ವಿಭಾಗ, ಕೂರುತ್ತಿದ್ದ ಜಾಗ ಬರೆಯಿರಿ. ‘ನೆನಪಿದೆಯಾ’ ಎಂದು ಪರೀಕ್ಷೆ ಮಾಡಬೇಡಿ. ಅವರು ಮಾಡಿದ ಒಂದು ಕೆಲಸ, ಅದರಿಂದ ನಿಮಗಾದ ಒಂದು ಉಪಯೋಗ, ಅಷ್ಟು ಸಾಕು. ಅಕ್ಷರ ದೊಡ್ಡದಾಗಿರಲಿ, ಸಾಲುಗಳ ನಡುವೆ ಜಾಗ ಬಿಡಿ, ಕೊನೆಯಲ್ಲಿ ಫೋನ್ ನಂಬರ್ ಬರೆಯಿರಿ. ಉತ್ತರ ಬರದಿದ್ದರೆ ಮೇಷ್ಟ್ರು ಮುನಿಸಿಕೊಂಡರೆಂದು ಊಹಿಸಬೇಡಿ. ವಯಸ್ಸಾದವರಿಗೆ ಕೈನಡುಕ, ಕಣ್ಣಿನ ಪೊರೆ ಸಾಮಾನ್ಯ. ಎರಡು ವಾರ ನೋಡಿ ಮನೆಯವರಿಗೆ ಫೋನ್ ಮಾಡಿ, ಪತ್ರವನ್ನು ಅವರಿಗೆ ಓದಿ ಹೇಳಲು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ.