ಕುಶಾಲನಗರದ ಕಾರ್ಖಾನೆಗಳಿಗೆ ಚಿಕ್ಕದೊಂದು ಕಲ್ಲಿದ್ದಲು ಪವರ್ ಪ್ಲಾಂಟ್ ಹಾಕಿದರೆ ಕರೆಂಟ್ ತೊಂದರೆ ತಪ್ಪುತ್ತದಾ?

ತಪ್ಪುವುದಿಲ್ಲ. ಕುಶಾಲನಗರ, ಕೂಡ್ಲೂರು ಕಡೆಯ ಕಾಫಿ ಕ್ಯೂರಿಂಗ್‌ನವರೆಲ್ಲ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವವರು) ಸೇರಿ 10 ಮೆಗಾವಾಟ್‌ನದೊಂದು ಪ್ಲಾಂಟ್ ಹಾಕಿಕೊಳ್ಳಬಹುದಲ್ವಾ ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವನು. ಬಳ್ಳಾರಿ ಸೀಮೆಯ ಒಂದು ಕಾರ್ಖಾನೆಯಲ್ಲಿ ಅಷ್ಟೇ ದೊಡ್ಡ ಪ್ಲಾಂಟಿನ ಬಾಯ್ಲರ್ ಅನ್ನು 9 ವರ್ಷ ನೋಡಿಕೊಂಡು ಊರಿಗೆ ಬಂದವನು.

ಮೊದಲು ಕಲ್ಲಿದ್ದಲಿನ ಲೆಕ್ಕ ನೋಡಿ. ಇಂಥ ಚಿಕ್ಕ ಪ್ಲಾಂಟಿನಲ್ಲಿ ನಮ್ಮ ದೇಶದ ಸಾಧಾರಣ ಕಲ್ಲಿದ್ದಲು ಉರಿಸಿದರೆ ಒಂದು ಯೂನಿಟ್‌ಗೆ ಹೆಚ್ಚುಕಡಿಮೆ 1 ಕೆ.ಜಿ. ಬೇಕು. 10 ಮೆಗಾವಾಟ್ ಇಡೀ ದಿನ ಓಡಿದರೆ 240 ಟನ್, ಅಂದರೆ 20 ಟನ್ ಹೊರುವ ಲಾರಿ ದಿನಕ್ಕೆ 12. ಅದರಲ್ಲಿ ಮೂರನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ, ಅದನ್ನು ಸಾಗಿಸಲು ಇನ್ನೂ 4 ಲಾರಿ. ರಾಯಚೂರಿನ ಶಕ್ತಿನಗರಕ್ಕೆ ಕಲ್ಲಿದ್ದಲು ರೈಲಿನಲ್ಲೇ ಬರುತ್ತದೆ, ಪಕ್ಕದಲ್ಲೇ ಕೃಷ್ಣಾ ನದಿ. ಕೊಡಗಿಗೆ ರೈಲೇ ಇಲ್ಲ. ಮೈಸೂರಿನಲ್ಲಿ ಇಳಿಸಿ ಹುಣಸೂರು, ಪಿರಿಯಾಪಟ್ಟಣ ದಾಟಿಸಿ ತರಬೇಕು. ಮಂಗಳೂರು ಬಂದರಿನಿಂದ ತರೋಣ ಎಂದರೆ ಸಂಪಾಜೆ ಘಾಟಿ ಹತ್ತಬೇಕು, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಏನಾಯಿತು ಅಂತ ನಿಮಗೂ ಗೊತ್ತಿದೆ.

ಇನ್ನು ಮಳೆ. ಬಳ್ಳಾರಿಯಂಥ ಒಣ ಊರಿನಲ್ಲೇ ಒಂದು ರಾತ್ರಿ ಜೋರು ಮಳೆಗೆ ಕಲ್ಲಿದ್ದಲು ನೆನೆದು, ಅದನ್ನು ತುಂಬಿಡುವ ಬಂಕರ್ ಒಳಗೆ ಕೆಸರಿನ ಹಾಗೆ ಕಚ್ಚಿಕೊಂಡು ಕೆಳಗೆ ಇಳಿಯಲೇ ಇಲ್ಲ. ಬಾಯ್ಲರ್‌ಗೆ ಕಲ್ಲಿದ್ದಲು ತಳ್ಳುವ ಫೀಡರ್ ಖಾಲಿ ತಿರುಗುತ್ತಿತ್ತು. ನಾವು ಆರು ಜನ ಬೆಳಗಿನವರೆಗೆ ಕಲ್ಲಿದ್ದಲು ಇಳಿಯುವ ಚ್ಯೂಟ್‌ಗೆ ಸುತ್ತಿಗೆಯಲ್ಲಿ ಬಡಿದೆವು, ಕಬ್ಬಿಣದ ಸರಳು ಹಾಕಿ ತಿವಿದೆವು, ಅಷ್ಟರಲ್ಲಿ ಬೆಂಕಿ ತಣ್ಣಗಾಗಿ ಟರ್ಬೈನ್ ನಿಂತೇ ಹೋಯಿತು. ನನ್ನ ಜೊತೆಯವನೊಬ್ಬನ ಕೈ ಅವತ್ತು ಸುಟ್ಟಿತು. ನಮ್ಮ ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಇದನ್ನು ವಾರಗಟ್ಟಲೆ ಮಾಡಬೇಕು ಎಂದರೆ ನನಗೆ ಈಗಲೂ ಎದೆ ಝಲ್ ಎನ್ನುತ್ತದೆ. ಬೂದಿಯ ಗುಂಡಿ ತುಂಬಿ ಹರಿದರೆ ಅದು ಸೇರುವುದು ಕಾವೇರಿಗೇ.

ನಿಮ್ಮ ಕೆಲಸಕ್ಕೂ ಇದು ಹೊಂದುವುದಿಲ್ಲ. ಸಕ್ಕರೆ, ಕಾಗದದ ಕಾರ್ಖಾನೆಗಳಿಗೆ ಹಗಲೂ ರಾತ್ರಿ ಉಗಿ ಬೇಕು, ಅದೇ ಉಗಿಯಿಂದ ಟರ್ಬೈನ್ ತಿರುಗಿಸಿ ಉಳಿದದ್ದನ್ನು ಒಳಗೆ ಬಳಸಿಕೊಳ್ಳುತ್ತಾರೆ, ಆಗ ಲೆಕ್ಕ ಕೂಡಿಬರುತ್ತದೆ. ಕಾಫಿಗೆ ಹಾಗಲ್ಲ. ನಿಮಗೆ ಬೇಕಿರುವುದು ಹಲ್ಲರ್, ಗ್ರೇಡರ್, ಕಲರ್ ಸಾರ್ಟರ್‌ನಂಥ ಯಂತ್ರ ಓಡಿಸುವಷ್ಟು ಕರೆಂಟ್, ಅದೂ ಸೀಸನ್ನಿನಲ್ಲಿ ಜಾಸ್ತಿ. ಸಂಜೆ ಆರಿಸಿ ಬೆಳಗ್ಗೆ ಹೊತ್ತಿಸಲು ಬಾಯ್ಲರ್ ಮನೆಯ ಒಲೆಯಲ್ಲ. ಫ್ಯಾನು, ನೀರಿನ ಪಂಪು ಓಡದೆ ಅದು ಶುರುವಾಗುವುದೇ ಇಲ್ಲ. ಪ್ಲಾಂಟ್ ಶುರು ಮಾಡಲಿಕ್ಕೇ ಹೊರಗಿನ ಕರೆಂಟ್ ಬೇಕು, ಇಲ್ಲವೇ ದೊಡ್ಡ ಜನರೇಟರ್ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೆಚ್ಚಾಗಿ ತೋಟದ ಮರವೋ ಕೊಂಬೆಯೋ ಲೈನ್ ಮೇಲೆ ಬಿದ್ದು. ಪ್ಲಾಂಟ್ ನಿಮ್ಮದೇ ಆದರೂ ಅಲ್ಲಿಂದ ಒಂದೊಂದು ಘಟಕಕ್ಕೆ ತಂತಿ ಎಳೆಯಲೇಬೇಕಲ್ವಾ? ಅದರ ಮೇಲೂ ಮರ ಬೀಳುತ್ತದೆ. ಹಾಗೆ ಒಮ್ಮೆಲೇ ಲೋಡ್, ಅಂದರೆ ಎಳೆಯುತ್ತಿದ್ದ ಕರೆಂಟ್, ಕಳಚಿದರೆ ಚಿಕ್ಕ ಟರ್ಬೈನ್ ವೇಗ ಏರಿ ಟ್ರಿಪ್ ಆಗಿ ನಿಂತುಬಿಡುತ್ತದೆ, ಆಮೇಲೆ ಲೈನ್ ಚೆನ್ನಾಗಿರುವ ಘಟಕವೂ ಕತ್ತಲೆಯಲ್ಲಿ ಕೂರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಎಲ್ಲರೂ ಸೇರಿ ಕೈಗಾರಿಕಾ ಪ್ರದೇಶಕ್ಕೆ ಬೇರೆಯದೇ ಫೀಡರ್, ಅಂದರೆ ಸಬ್‌ಸ್ಟೇಷನ್‌ನಿಂದ ಬರುವ ಪ್ರತ್ಯೇಕ ಲೈನ್ ಕೇಳುತ್ತಿದ್ದೆ. ಮರ ಜಾಸ್ತಿ ಇರುವ ಕಡೆ ನೆಲದೊಳಗಿನ ಕೇಬಲ್ ಹಾಕಿಸಲು ಒತ್ತಾಯಿಸುತ್ತಿದ್ದೆ. ಗೋಡೌನ್ ಮಾಡಿನ ಮೇಲೆ ಸೋಲಾರ್ ಹಾಕಿ. ಕ್ಯೂರಿಂಗ್ ಜೋರಾಗಿರುವ ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಒಳ್ಳೇ ಬಿಸಿಲು. ಕರೆಂಟ್ ಹೋದಾಗ ಬರೀ ಸೋಲಾರ್ ಕೂಡ ನಿಂತುಬಿಡುತ್ತದೆ, ಹಾಗಾಗಿ ಈಗಿರುವ ಜನರೇಟರ್ ಜೊತೆ ಓಡುವ ಹಾಗೆ ಮೊದಲೇ ಹೇಳಿ ಜೋಡಿಸಿಕೊಳ್ಳಿ. ಒಣಗಿಸುವ ಬಿಸಿಗಾಳಿಗೆ ನಿಮ್ಮ ಕಾಫಿಯ ಹೊಟ್ಟನ್ನೇ ಉರಿಸಿದರೆ ಸಾಕು.

ನಿಮ್ಮ ಘಟಕಕ್ಕೆ ಎಷ್ಟು ಲೋಡ್ ಮಂಜೂರಾಗಿದೆ, ಹೋದ ವರ್ಷ ಯಾವ ತಿಂಗಳಲ್ಲಿ ಎಷ್ಟು ಗಂಟೆ ಕರೆಂಟ್ ಇರಲಿಲ್ಲ, ಇವೆರಡನ್ನು ಬರೆದು ತಿಳಿಸಿ. ಜನರೇಟರ್ ಎಷ್ಟು ದೊಡ್ಡದಿರಬೇಕು, ಸೋಲಾರ್ ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕಿ ಹೇಳುತ್ತೇನೆ.