ಆ ಚೀಲವನ್ನು ಖಾಲಿ ಮಾಡಿದವರು ಯಾರು?

ಓದುಗರೊಬ್ಬರ ಪತ್ರ: ‘ಮಿ ಬಿಫೋರ್ ಯು’ ಚಿತ್ರವನ್ನು ಮೂರನೆಯ ಸಲ ನೋಡಿ ಅತ್ತೆ. ಪ್ರೀತಿಸಿದವಳು ತನ್ನ ಗಾಲಿಕುರ್ಚಿಗೆ ಕಟ್ಟುಬೀಳಬಾರದೆಂದು ಸಾವನ್ನೇ ಆರಿಸಿಕೊಂಡ ವಿಲ್‌ನದು ಎಂಥ ತ್ಯಾಗ! ಅದನ್ನು ವಿರೋಧಿಸಿದ ಅಂಗವಿಕಲರ ಸಂಘಟನೆಗಳಿಗೆ ಹೃದಯವಿಲ್ಲವೇ? ತಾವು ಇಂಥ ಪ್ರೇಮಚಿತ್ರಗಳ ಬಗ್ಗೆ ವಿಶೇಷಾಂಕವೊಂದನ್ನು ಏಕೆ ತರಬಾರದು?

ಸಂಪಾದಕರ ಉತ್ತರ: ಒಂದು ಚಿತ್ರವನ್ನು ಮೂರು ಸಲ ನೋಡುವ ಓದುಗರು ಇರುವುದು ಪತ್ರಿಕೆಯ ಭಾಗ್ಯ. ಆದರೆ ಮೂರು ಸಲ ನೋಡಿದವರ ಕಣ್ಣಿಗೆ ತೆರೆಯ ಮೇಲೆ ಇಲ್ಲದ್ದೂ ಬೀಳಬೇಕಿತ್ತು ಎಂಬುದು ನನ್ನ ತಕರಾರು.

ತಾಳಲಾರದ ನೋವಿನಲ್ಲಿರುವವರು ಪೂರ್ಣ ಎಚ್ಚರದಲ್ಲಿ ಸಾವನ್ನು ಕೇಳಿದರೆ ಅವರನ್ನು ಗದರಿಸುವವನು ನಾನಲ್ಲ. ನೆದರ್ಲೆಂಡ್ಸ್ 2002ರಿಂದಲೇ ಕಟ್ಟುನಿಟ್ಟಿನ ಷರತ್ತುಗಳೊಡನೆ ದಯಾಮರಣವನ್ನು ಒಪ್ಪಿದೆ. ವಿಲ್ ಹೋಗುವ ಸ್ವಿಟ್ಜರ್ಲೆಂಡಿನ ಕಾನೂನು ಸಾಯಲು ನೆರವಾದವರಲ್ಲಿ ಸ್ವಾರ್ಥವಿದ್ದರೆ ಮಾತ್ರ ಶಿಕ್ಷಿಸುತ್ತದೆ. ಇದು ಕಾನೂನಿನ ಮಾತಾಯಿತು. ನೀವು ಎತ್ತಿರುವುದು ಪ್ರೀತಿಯ ಮಾತು.

ಆ ಚಿತ್ರದಲ್ಲಿ ಕೆಲಸಗಳು ಹೇಗೆ ಹಂಚಿಕೆಯಾಗಿವೆ, ನೆನಪಿಸಿಕೊಳ್ಳಿ. ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿದ ವಿಲ್‌ನ ಮೈಯ ಆರೈಕೆಗೆ ನೇಥನ್ ಎಂಬ ನರ್ಸ್ ಇದ್ದಾನೆ. ಅವನು ಪ್ರೀತಿಸುವ ಲೂ ಬರುವುದು ಜೊತೆಗಿದ್ದು ನಗಿಸಲು. ಮೂತ್ರ ಹೊರತರುವ ಕೊಳವೆ, ಅಂದರೆ ಕ್ಯಾಥೆಟರು, ನೇಥನ್‌ನ ಪಾಲಿಗೆ; ಪಟ್ಟೆಪಟ್ಟೆಯ ಕಾಲುಚೀಲ, ಮುತ್ತು, ಕಡಲ ದಂಡೆ ಇವಳ ಪಾಲಿಗೆ. ಹೀಗೆ ದುಡಿಮೆಯನ್ನು ಒಬ್ಬನಿಗೂ ಒಲವನ್ನು ಮತ್ತೊಬ್ಬಳಿಗೂ ಒಪ್ಪಿಸಿದ ಕಥೆ, ವಿಲ್ ಬಿಟ್ಟುಹೋದ ಪತ್ರವನ್ನೂ ಹಣವನ್ನೂ ಅವಳ ಕೈಗಿಟ್ಟು ಪ್ಯಾರಿಸ್ಸಿನ ಬಿಸಿಲಿನಲ್ಲಿ ಮುಗಿಯುತ್ತದೆ. ಅವನ ಸಾವು ಅವಳ ಹೊಸ ಬದುಕಿಗೆ ಬಂಡವಾಳ! 2016ರಲ್ಲಿ ಲಂಡನ್ನಿನ ಮೊದಲ ಪ್ರದರ್ಶನದೆದುರು ಅಂಗವಿಕಲರು ಪ್ರತಿಭಟಿಸಿದ್ದು, ತಮ್ಮಂಥವರು ಬದುಕುವುದಕ್ಕಿಂತ ಸಾಯುವುದೇ ಚೆಂದ ಎನ್ನುವ ಈ ಸೂಚನೆಯನ್ನು. ಅವರಿಗೆ ಹೃದಯವಿಲ್ಲ ಎನ್ನುತ್ತೀರಾ?

ನನ್ನ ಅಕ್ಕ, ಬೆನ್ನುಹುರಿಗೆ ಪೆಟ್ಟಾಗಿ ಮಲಗಿದ ಭಾವನವರನ್ನು ಹನ್ನೊಂದು ವರ್ಷ ನೋಡಿಕೊಂಡವಳು. ಹಾಸಿಗೆಹುಣ್ಣು ಆಗದಿರಲೆಂದು ರಾತ್ರಿಯೆಲ್ಲ ಎರಡೆರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುತ್ತಿದ್ದಳು. ಅವಳೊಡನೆ ಈ ಚಿತ್ರ ನೋಡುತ್ತಿದ್ದಾಗ ನಾನು ಕಣ್ಣೊರೆಸಿಕೊಂಡೆ (ನಾನೂ ಅಳುವವನೇ). ಅವಳು ಮಾತ್ರ, ‘ಅಲ್ಲವೋ, ಇಷ್ಟು ಹೊತ್ತಾಯಿತು, ಆ ಹುಡುಗನ ಮೂತ್ರದ ಚೀಲವನ್ನು ಖಾಲಿ ಮಾಡಿದವರು ಯಾರು?’ ಎಂದಳು. ಭಾವ ಎಂದಾದರೂ ಸಾವನ್ನು ಕೇಳಿದ್ದರೇ ಎಂದೆ. ಒಮ್ಮೆ ಕೇಳಿದ್ದರಂತೆ: ಅಕ್ಕ ಜ್ವರದಿಂದ ಮಲಗಿ, ಅವರನ್ನು ಎರಡು ದಿನ ಯಾರೂ ಸರಿಯಾಗಿ ನೋಡಿಕೊಳ್ಳದೆ ಹೋದಾಗ.

‘ಸೂಪರ್‌ಮ್ಯಾನ್’ ಚಿತ್ರದ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಮೈಯ ಸ್ವಾಧೀನ ಕಳೆದುಕೊಂಡಾಗ ಆತನೂ ಮೊದಲು ಸಾವಿನ ಯೋಚನೆ ಮಾಡಿದ್ದ. ನೀನು ಈಗಲೂ ನೀನೇ ಎಂದಳು ಹೆಂಡತಿ ಡೇನಾ. ಎರಡೇ ವರ್ಷದಲ್ಲಿ ಆತ ಗಾಲಿಕುರ್ಚಿಯಿಂದಲೇ ಚಿತ್ರವೊಂದನ್ನು ನಿರ್ದೇಶಿಸಿದ, 2004ರವರೆಗೆ ಬದುಕಿದ. ಇದೂ ಪ್ರೇಮಕಥೆಯೇ ತಾನೆ? ಆದರೆ 2005ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವೂ ಅತ್ಯುತ್ತಮ ವಿದೇಶಿ ಭಾಷಾ ಚಿತ್ರವೂ ಸ್ವಾಧೀನ ತಪ್ಪಿದವರು ಸಾವನ್ನು ಬೇಡುವ ಕಥೆಗಳೇ ಆಗಿದ್ದವು. ಎರಡನೆಯದಾದ ‘ದಿ ಸೀ ಇನ್‌ಸೈಡ್’, ತನ್ನ ಕಥಾನಾಯಕ ರಾಮೋನ್ ಸಾಂಪೆಡ್ರೊನನ್ನು ವರ್ಷಾನುಗಟ್ಟಲೆ ಆರೈಕೆ ಮಾಡಿದ ಅತ್ತಿಗೆಗೆ ಒಳ್ಳೆಯ ಜಾಗ ಕೊಟ್ಟಿತೆಂಬುದನ್ನು ಒಪ್ಪುತ್ತೇನೆ. ಆದರೂ ಆ ಪಾತ್ರ ಮಾಡಿದ ಹವಿಯೆರ್ ಬಾರ್ಡೆಮ್ ಚಿತ್ರೀಕರಣ ಮುಗಿದೊಡನೆ ಎದ್ದು ನಡೆಯಬಲ್ಲವನು. ವಿಲ್‌ನ ಪಾತ್ರ ಮಾಡಿದ ಸ್ಯಾಮ್ ಕ್ಲಾಫ್ಲಿನ್ ಕೂಡ. ನಿಜವಾಗಿ ಎದ್ದು ನಡೆಯಲಾರದ ನಟರಿಗೆ ಅವರದೇ ಪಾತ್ರವೂ ಸಿಗುವುದಿಲ್ಲ, ಮೆಟ್ಟಿಲೇ ಮೆಟ್ಟಿಲಿರುವ ಚಿತ್ರಮಂದಿರದಲ್ಲಿ ಆಸನವೂ ಸಿಗುವುದಿಲ್ಲ. ನಾವೋ, ಆ ಮೆಟ್ಟಿಲುಗಳನ್ನೇ ಕಣ್ಣೊರೆಸಿಕೊಳ್ಳುತ್ತ ಇಳಿದು ಬರುತ್ತೇವೆ.

ವಿಶೇಷಾಂಕದ ಸಲಹೆ ಚೆನ್ನಾಗಿದೆ, ತರೋಣ. ಮೊದಲ ಲೇಖನ ನೇಥನ್ ಕುರಿತದ್ದು. ಅಕ್ಕ ಬರೆಯಲು ಒಪ್ಪಿದ್ದಾಳೆ.